ಜಿಗಿದು ಇಳಿದ ಮೇಲೆ ಬಂದ್ ಬೀಳುವ ನೈಟ್ರೋ ಟ್ರಕ್: ದೋಷ ಹುಡುಕಿದ ಬಗೆ

ದೋಷ ಇಷ್ಟು. ಟ್ರಕ್ ಅಂದರೆ ರಿಮೋಟಿನಲ್ಲಿ ಓಡಿಸುವ, ನೈಟ್ರೋ ಇಂಧನದ ಪುಟ್ಟ ಗಾಡಿ. ಅದು ಸಮತಟ್ಟು ನೆಲದಲ್ಲಿ ಚೆನ್ನಾಗಿ ಓಡುತ್ತದೆ. ರ‍್ಯಾಂಪ್ ಹತ್ತಿ ಹಾರುತ್ತದೆ, ನಾಲ್ಕೂ ಚಕ್ರದ ಮೇಲೆ ಸರಿಯಾಗಿ ಇಳಿಯುತ್ತದೆ. ಇಳಿದು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಂಜಿನ್ ಒಮ್ಮೆ ಕಿರ್ರನೆ ವೇಗ ಏರಿ ಬಂದ್ ಬೀಳುತ್ತದೆ. ಟ್ಯಾಂಕ್ ತುಂಬಿದ್ದಾಗ ಹೀಗಾಗುವುದು ಕಡಿಮೆ. ಅರ್ಧಕ್ಕಿಂತ ಕೆಳಗೆ ಬಂದಾಗ ಜಾಸ್ತಿ.

ಈ ಕೊನೆಯ ಎರಡು ಸಾಲನ್ನು ನಾನು ಮೊದಲ ದಿನವೇ ಗಮನಿಸಿದ್ದರೆ ಮೂರು ಭಾನುವಾರ ಉಳಿಯುತ್ತಿತ್ತು. ನಿಮ್ಮದಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಗಾಡಿ 1/8 ಅಳತೆಯ (ನಿಜವಾದ ಗಾಡಿಯ ಎಂಟನೇ ಒಂದರಷ್ಟು) ಮಾನ್ಸ್‌ಟರ್ ಟ್ರಕ್, ಸೆಕೆಂಡ್ ಹ್ಯಾಂಡ್. ಎಂಜಿನ್ 21 ಸೈಜಿನದು, ಅಂದರೆ 0.21 ಘನ ಇಂಚು, ಸುಮಾರು 3.5 ಸಿಸಿ. ಇಂಧನದಲ್ಲಿ 20% ನೈಟ್ರೋಮೀಥೇನ್, ಉಳಿದದ್ದು ಮೆಥನಾಲ್ ಮತ್ತು ಆಯಿಲ್. ನಾನಿರುವುದು ಕಾರವಾರದಲ್ಲಿ. ಓಡಿಸುವುದು ಹೆಚ್ಚಾಗಿ ಶಿರಸಿ ಹತ್ತಿರದ ಅಕ್ಕನ ಮನೆಯಲ್ಲಿ. ಅಡಿಕೆ ಒಣಗಿಸುವ ಅಂಗಳದ ಹಿಂದೆ ಒಂದು ಬೇಣ, ಅಂದರೆ ಹುಲ್ಲುಗಾವಲು ಇದೆ. ಅಲ್ಲಿ ಚಿರೆಕಲ್ಲು ಪೇರಿಸಿ, ಮೇಲೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಜೋಡಿಸಿ ರ‍್ಯಾಂಪ್ ಮಾಡಿದ್ದೇವೆ. ಎತ್ತರ ಎರಡು ಅಡಿ. ದಬ್ಬೆ ಸ್ವಲ್ಪ ಬಾಗಿ ಸ್ಪ್ರಿಂಗ್ ತರ ಎಸೆಯುತ್ತದೆ, ಹಾಗಾಗಿ ಲೆಕ್ಕಕ್ಕಿಂತ ಜಾಸ್ತಿಯೇ ಹಾರುತ್ತದೆ.

ಮಳೆಗಾಲ ಪೂರ್ತಿ ಗಾಡಿ ಮೂಲೆಯಲ್ಲಿತ್ತು. ಆಗ ಕೂತು ಅಪ್‌ಗ್ರೇಡ್ ಮಾಡಿದೆ. ಡಿಫರೆನ್ಷಿಯಲ್‌ಗೆ ಸ್ಟೀಲ್ ಗೇರು. ದೊಡ್ಡ ಟೈರು. ಶಾಕ್‌ಗಳಿಗೆ 30 ವೇಟ್ ತೆಗೆದು 60 ವೇಟ್ ಆಯಿಲ್ (ವೇಟ್ ಎಂದರೆ ಆಯಿಲಿನ ದಪ್ಪದ ಅಳತೆ), ಜೊತೆಗೆ ಗಟ್ಟಿ ಸ್ಪ್ರಿಂಗ್. ಸ್ಟೇರಿಂಗ್ ತಿರುಗಿಸಲು ಜೋರಾದ ಸರ್ವೋ ಮೋಟರು. ಮುಂದೆ ಹಿಂದೆ ಚಕ್ರ ಹಿಡಿಯುವ ಅಲ್ಯೂಮಿನಿಯಂ ಆರ್ಮ್. ಕೊನೆಗೆ, ನೋಡೋಕೆ ಚೆಂದ ಅಂತ ಟ್ಯಾಂಕ್ ಕೂರುವ ಕಂಬಗಳನ್ನೂ ಅಲ್ಯೂಮಿನಿಯಂ ಮಾಡಿದೆ. ಈ ಕಂಬಗಳನ್ನು ನೆನಪಿಟ್ಟುಕೊಳ್ಳಿ.

ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ

ಎಂಜಿನ್ ಸತ್ತ ಕೂಡಲೇ ಎಲ್ಲರ ಕೈ ಕಾರ್ಬೋರೇಟರಿನ ನೀಡಲ್ ಕಡೆ ಹೋಗುತ್ತದೆ. ನೀಡಲ್ ಅಂದರೆ ಇಂಧನ ಎಷ್ಟು ಹೋಗಬೇಕು ಎಂದು ಹೊಂದಿಸುವ ಸ್ಕ್ರೂ. ಜೋರು ಓಟಕ್ಕೆ ಹೈ ಸ್ಪೀಡ್, ನಿಧಾನಕ್ಕೆ ಲೋ ಸ್ಪೀಡ್, ಹೀಗೆ ಎರಡಿವೆ. ನನ್ನದೂ ಹೋಯಿತು. ಏರಿ ಸಾಯುವುದು ಲೀನ್ ಲಕ್ಷಣ, ಅಂದರೆ ಗಾಳಿ ಹೆಚ್ಚಾಗಿ ಇಂಧನ ಸಾಲುತ್ತಿಲ್ಲ. ಆದ್ದರಿಂದ ಹೈ ಸ್ಪೀಡ್ ನೀಡಲ್ ಸ್ವಲ್ಪ ತೆರೆದೆ. ಮತ್ತೆ ಸತ್ತಿತು. ಇನ್ನಷ್ಟು ತೆರೆದೆ. ಈಗ ಗಾಡಿ ಅಡಿಕೆ ಬೇಯಿಸುವ ಒಲೆಯಷ್ಟು ಹೊಗೆ ಬಿಡುತ್ತ, ಕೆಮ್ಮುತ್ತ ಓಡಿತು. ಹಾರಿ ಇಳಿದು ಮತ್ತೆ ಸತ್ತಿತು. ಕಟ್ಟೆ ಮೇಲೆ ಕವಳ ಹಾಕುತ್ತ ಕೂತಿದ್ದ ಭಾವ ಅಲ್ಲಿಂದಲೇ ಹೇಳಿದ: "ಭಾವ, ನಿನ್ನ ಗಾಡಿ ಮತ್ತೆ ಸತ್ತೋತಲೋ."

ಸಂಜೆ ಹೊತ್ತಿಗೆ ಎರಡೂ ನೀಡಲ್ ಮೊದಲು ಎಲ್ಲಿದ್ದವು ಎನ್ನುವುದೇ ಮರೆತುಹೋಗಿತ್ತು. ಒಂದು ದೋಷ ಹುಡುಕಲು ಹೋಗಿ ಎರಡು ಮಾಡಿಕೊಂಡಿದ್ದೆ.

ಹಾಗಾಗಿ ಮೊದಲ ಕೆಲಸ ಇದು. ನೀಡಲನ್ನು ಬಲಕ್ಕೆ ಮೆತ್ತಗೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಎಂದು ಎಣಿಸಿ. ಬರೆದಿಡಿ. ಅಷ್ಟೇ ಸುತ್ತು ವಾಪಸ್ ತೆರೆಯಿರಿ. ತಳ ಮುಟ್ಟಿದ ಮೇಲೆ ಒತ್ತಬೇಡಿ, ನೀಡಲ್ ಕೂರುವ ಜಾಗ ಹಾಳಾಗುತ್ತದೆ. ಆಮೇಲೆ ಬದಲಿಸುವುದಿದ್ದರೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬದಲಿಸಿ. ಒಂದು ಸಲಕ್ಕೆ ಒಂದು ಗಂಟೆ, ಅಂದರೆ ಸುತ್ತಿನ 1/12. ಅದಕ್ಕಿಂತ ಜಾಸ್ತಿ ಬೇಡ.

ನೀಡಲ್ ನಿಜವಾಗಿ ತಪ್ಪಿದ್ದರೆ ನೆಲದ ಮೇಲೆಯೇ ಗೊತ್ತಾಗುತ್ತದೆ, ಜಿಗಿಯುವವರೆಗೆ ಕಾಯಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಡಿ. ಕಾರ್ಬೋರೇಟರ್ ಹತ್ತಿರ ಇಂಧನದ ಪೈಪನ್ನು ಬೆರಳಿಂದ ಒತ್ತಿ ಹಿಡಿಯಿರಿ. ಎಂಜಿನ್ ಸ್ವಲ್ಪ ಏರಿ ಎರಡು ಮೂರು ಸೆಕೆಂಡಿಗೆ ಸತ್ತರೆ ಲೋ ಸ್ಪೀಡ್ ನೀಡಲ್ ಸರಿ ಇದೆ. ಒತ್ತಿದ ಕೂಡಲೇ ಸತ್ತರೆ ಲೀನ್. ಐದಾರು ಸೆಕೆಂಡ್ ಎಳೆದರೆ ರಿಚ್, ಅಂದರೆ ಇಂಧನ ಹೆಚ್ಚಾಗಿದೆ. ಹೈ ಸ್ಪೀಡ್ ನೀಡಲ್‌ಗೆ ಹೊಗೆ ಮತ್ತು ಬಿಸಿ ನೋಡಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಓಡುವಾಗ ಹಿಂದೆ ತೆಳು ಹೊಗೆಯ ಗೆರೆ ಕಾಣಲೇಬೇಕು. ಓಡಿ ಬಂದ ಕೂಡಲೇ ಎಂಜಿನ್ ತಲೆಯ ಮೇಲೆ ಒಂದು ಹನಿ ನೀರು ಬಿಡಿ, ದೋಸೆ ಕಾವಲಿ ಕಾದಿದೆಯಾ ಎಂದು ನೋಡುತ್ತೇವಲ್ಲ, ಹಾಗೆ. ಹನಿ ಕುದಿದು ಮೂರ್ನಾಲ್ಕು ಸೆಕೆಂಡಿಗೆ ಆರಿದರೆ ಒಳ್ಳೆಯದು. ಚುಯ್ ಎಂದು ಹಾರಿಹೋದರೆ ಬಿಸಿ ಜಾಸ್ತಿ. ಥರ್ಮಾಮೀಟರ್ ಗನ್ ಇದ್ದರೆ ಗ್ಲೋ ಪ್ಲಗ್ (ಕಾದ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್) ಹತ್ತಿರ 100ರಿಂದ 120 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು.

ಈ ಎರಡೂ ಪರೀಕ್ಷೆ ಪಾಸಾದರೆ ನೀಡಲ್ ಮುಟ್ಟಬೇಡಿ. ದೋಷ ಬೇರೆ ಕಡೆ ಇದೆ.

ಹೇಗೆ ಸತ್ತಿತು, ಕಿವಿಯಿಂದ ಕೇಳಿ

ಎಲ್ಲ ಸಾವೂ ಒಂದೇ ತರ ಕೇಳಿಸುವುದಿಲ್ಲ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಏರಿ ಸತ್ತರೆ ಇಂಧನ ಬರಲಿಲ್ಲ ಎಂದು ಅರ್ಥ. ಗೊರಗೊರ ಎಂದು ಇಳಿದು, ಹೊಗೆ ಬಿಟ್ಟು ಸತ್ತರೆ ಇಂಧನ ಜಾಸ್ತಿಯಾಗಿದೆ, ಇಲ್ಲವೇ ಎಂಜಿನ್‌ಗೆ ಭಾರ ಜಾಸ್ತಿ. ಸ್ವಿಚ್ ಆಫ್ ಮಾಡಿದಂತೆ ಟಕ್ಕನೆ ನಿಂತರೆ ಪ್ಲಗ್, ಬ್ರೇಕ್, ರಿಮೋಟಿನ ಸಂಕೇತ ಪಡೆಯುವ ರಿಸೀವರ್ ಅಥವಾ ಗೇರ್ ಜಾಮ್.

ನಿಮ್ಮ ಕಿವಿಯನ್ನೂ ಪೂರ್ತಿ ನಂಬಬೇಡಿ. ರಿಮೋಟ್ ಹಿಡಿದವನ ಗಮನ ಗಾಡಿ ಪಲ್ಟಿ ಹೊಡೆಯದಂತೆ ನೋಡುವುದರಲ್ಲೇ ಇರುತ್ತದೆ. ನನ್ನ ಅಳಿಯ, ಅಕ್ಕನ ಮಗ, ಎರಡನೇ ಭಾನುವಾರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದ ಮೇಲೆಯೇ ನನಗೆ ಏರುವುದು ಸ್ಪಷ್ಟವಾಗಿ ಕೇಳಿಸಿದ್ದು. ಅಲ್ಲಿಯವರೆಗೆ ಟಕ್ಕನೆ ಸಾಯುತ್ತಿದೆ ಎಂದುಕೊಂಡು ಎರಡು ಗ್ಲೋ ಪ್ಲಗ್ ಬದಲಿಸಿದ್ದೆ. ದುಡ್ಡು ದಂಡ.

ಏರಿ ಸಾಯುವ ಗಾಡಿ: ಟ್ಯಾಂಕಿನಿಂದ ಶುರು ಮಾಡಿ

ನೈಟ್ರೋ ಗಾಡಿಯಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಸೈಲೆನ್ಸರ್‌ನಿಂದ ಒಂದು ಪೈಪು ಟ್ಯಾಂಕಿಗೆ ಬರುತ್ತದೆ. ಹೊಗೆಯ ಒತ್ತಡವೇ ಇಂಧನವನ್ನು ಕಾರ್ಬೋರೇಟರ್‌ಗೆ ತಳ್ಳುತ್ತದೆ. ಈ ಒತ್ತಡ ಎಲ್ಲಿ ಸೋರಿದರೂ ಇಂಧನ ಕಡಿಮೆ ಆಗುತ್ತದೆ. ಆದ್ದರಿಂದ ಟ್ಯಾಂಕ್ ಬಿಚ್ಚಿ, ಖಾಲಿ ಮಾಡಿ, ಒಂದು ತೂತು ಮುಚ್ಚಿ, ಇನ್ನೊಂದಕ್ಕೆ ಪೈಪು ಹಾಕಿ, ಬಕೆಟ್ ನೀರಿನಲ್ಲಿ ಮುಳುಗಿಸಿ ದೊಡ್ಡ ಸಿರಿಂಜಿನಿಂದ ಗಾಳಿ ಒತ್ತಿ. ಬಾಯಲ್ಲಿ ಊದಬೇಡಿ, ಮೆಥನಾಲ್ ವಿಷ. ಮುಚ್ಚಳದ ಸುತ್ತ ಗುಳ್ಳೆ ಬಂದರೆ ಒಳಗಿನ ರಬ್ಬರ್ ರಿಂಗ್ ಹೋಗಿದೆ. ನನ್ನ ಟ್ಯಾಂಕಿನಲ್ಲಿ ಒಂದೂ ಗುಳ್ಳೆ ಬರಲಿಲ್ಲ.

ಆಮೇಲೆ ಪೈಪು. ಎಂಜಿನ್ ಕಡೆ ತಾಗಿ ಸುಟ್ಟಿದೆಯಾ, ಬಾಯಿ ಸಡಿಲವಾಗಿದೆಯಾ ನೋಡಿ. ಸಿಲಿಕಾನ್ ಪೈಪನ್ನೇ ಹಾಕಿ. ಬೈಕ್ ಅಂಗಡಿಯ ಪೆಟ್ರೋಲ್ ಪೈಪು ಅಗ್ಗ ನಿಜ, ಆದರೆ ಬಣ್ಣದ ಪೈಪಿನಲ್ಲಿ ಒಳಗೇನಾಗುತ್ತಿದೆ ಎಂದು ಕಾಣುವುದಿಲ್ಲ. ಮುಂದೆ ಹೇಳುವ ಪರೀಕ್ಷೆಗೆ ಪೈಪಿನ ಒಳಗೆ ಕಾಣಲೇಬೇಕು. ದಾರಿಯಲ್ಲಿ ಫಿಲ್ಟರ್ ಇದ್ದರೆ ಬಿಚ್ಚಿ ತೊಳೆಯಿರಿ. ಕಾರ್ಬೋರೇಟರ್ ಬುಡದ ಓ-ರಿಂಗ್, ಎಂಜಿನ್ ಹಿಂದಿನ ಪ್ಲೇಟ್, ಎರಡರ ಸ್ಕ್ರೂ ಬಿಗಿ ಇದೆಯಾ ನೋಡಿ. ಅಲ್ಲಿ ಗಾಳಿ ಎಳೆದುಕೊಂಡರೂ ಹೀಗೇ ಏರುತ್ತದೆ. ಆದರೆ ಅದು ಜಿಗಿತಕ್ಕೆ ಕಾಯುವುದಿಲ್ಲ. ಐಡ್ಲಿಂಗ್‌ನಲ್ಲೂ ಒಂದು ಹದದಲ್ಲಿ ನಿಲ್ಲದೆ ಏರಿಳಿಯುತ್ತಿರುತ್ತದೆ.

ಎಲ್ಲ ಸರಿ ಇದ್ದೂ ಸಾಯುತ್ತಿದ್ದರೆ? ಮೂರನೇ ಭಾನುವಾರ ನಾವು ಅಲ್ಲಿದ್ದೆವು.

ಅಳಿಯ ರ‍್ಯಾಂಪಿನ ಪಕ್ಕ ಬೇಣದ ಹುಲ್ಲಿನ ಮೇಲೆ ಬೋರಲು ಮಲಗಿದ. ಫೋನನ್ನು ಸ್ಲೋ ಮೋಷನ್‌ಗೆ ಹಾಕಿದ. ಬಾಡಿ ತೆಗೆದು ಬರೀ ಚಾಸಿ ಓಡಿಸಿದೆ, ಪೈಪು ಕಾಣಲಿ ಅಂತ. ಗಾಡಿ ಇಳಿಯಿತು, ಓಡಿತು, ಸತ್ತಿತು. ಅವನು ವಿಡಿಯೋ ತೋರಿಸುತ್ತ, "ಮಾವ, ಇಲ್ಲಿ ನೋಡು, ಪೈಪು ಬೆಳ್ಳಗಾಗ್ತು" ಅಂದ.

ಹಾರುವ ಮೊದಲು ಪೈಪಿನಲ್ಲಿ ನೀಲಿ ಇಂಧನ ತುಂಬಿತ್ತು. ಚಾಸಿ ನೆಲಕ್ಕೆ ಬಡಿಯಿತು, ಮತ್ತೆ ಎದ್ದು ಇನ್ನೊಮ್ಮೆ ಬಡಿಯಿತು. ಆ ಕೂಡಲೇ ಟ್ಯಾಂಕಿನ ಕಡೆಯಿಂದ ಪೈಪು ಬೆಳ್ಳಗಾಗುತ್ತ ಬಂತು. ಮಜ್ಜಿಗೆ ಕಡೆಯುವಾಗ ಮೇಲೆ ಏಳುವ ನೊರೆಯಂತೆ ಸಣ್ಣ ಸಣ್ಣ ಗುಳ್ಳೆ. ಅದು ಕಾರ್ಬೋರೇಟರ್ ತಲುಪಿದ ಹೊತ್ತಿಗೆ ಎಂಜಿನ್ ಕಿರ್ರೆಂದಿತು.

ಇಂಧನ ನೊರೆಯಾಗುತ್ತಿತ್ತು. ನೀಡಲ್ ಅಳೆಯುವುದು ದ್ರವವನ್ನು, ನೊರೆಯನ್ನಲ್ಲ. ಗುಳ್ಳೆ ಬಂದ ಕ್ಷಣಕ್ಕೆ ಎಂಜಿನ್‌ಗೆ ಸಿಗುವುದು ಗಾಳಿ. ಟ್ಯಾಂಕ್ ಅರ್ಧವಾದರೆ ಒಳಗೆ ಅಲ್ಲಾಡಲು ಜಾಗ ಜಾಸ್ತಿ, ನೊರೆಯೂ ಜಾಸ್ತಿ. ಆ ಎರಡು ಸಾಲಿನ ಅರ್ಥ ಅಂತೂ ಗೊತ್ತಾಯಿತು.

ಏಕೆ ನೊರೆ? ಕಂಪನಿಯಿಂದ ಬಂದಾಗ ಟ್ಯಾಂಕ್ ಕೂತಿದ್ದು ರಬ್ಬರ್ ಬುಷ್ ಮೇಲೆ. ಎಂಜಿನ್ನಿನ ನಡುಕ ಟ್ಯಾಂಕಿಗೆ ಹೋಗದಿರಲಿ ಎಂದೇ ಆ ರಬ್ಬರ್. ನಾನು ಅಲ್ಯೂಮಿನಿಯಂ ಕಂಬ ಹಾಕಿ, ರಬ್ಬರ್ ತೆಗೆದು, ಸ್ಕ್ರೂ ಬಿಗಿದು ಕೂರಿಸಿದ್ದೆ. ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎಂಜಿನ್ನಿನ ನಡುಕವೂ ಚಾಸಿಯ ಪೆಟ್ಟೂ ನೇರ ಇಂಧನಕ್ಕೆ ಹೋಗುತ್ತಿದ್ದವು.

ಸರಿ ಮಾಡಿದ್ದು ಹೀಗೆ. ಹಳೆಯ ಪ್ಲಾಸ್ಟಿಕ್ ಕಂಬ ವಾಪಸ್. ರಬ್ಬರ್ ಬುಷ್ ಎಲ್ಲೋ ಕಳೆದುಹೋಗಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ, ಕೆಳಗೆ ಎರಡು ಮೇಲೆ ಒಂದು ಇಟ್ಟೆ. ಸ್ಕ್ರೂ ಪೂರ್ತಿ ಬಿಗಿಯಬಾರದು. ಬೆರಳಲ್ಲಿ ದೂಡಿದರೆ ಟ್ಯಾಂಕ್ ಸ್ವಲ್ಪ ಅಲುಗಾಡಬೇಕು. ಚಾಸಿಗೆ ಅಥವಾ ಎಂಜಿನ್‌ಗೆ ಎಲ್ಲೂ ತಾಗಬಾರದು. ಹಾಗೆಯೇ ಫ್ಲೈವೀಲ್ ನಟ್ ಮತ್ತು ಎಂಜಿನ್ ಕೂರುವ ಸ್ಕ್ರೂ ನೋಡಿಕೊಳ್ಳಿ. ಅವು ಸಡಿಲವಾದರೂ ನಡುಕ ಜಾಸ್ತಿಯಾಗಿ ನೊರೆ ಬರುತ್ತದೆ.

ಅವತ್ತು ಹತ್ತು ಸಲ ಹಾರಿಸಿದೆವು. ಎಂಟು ಸಲ ಓಡಿತು.

ಉಳಿದ ಎರಡು ಸಲ: ಶಾಕ್

ಅದೇ ವಿಡಿಯೋದಲ್ಲಿ ಇನ್ನೊಂದು ವಿಷಯ ಇತ್ತು. ಇಳಿಯುವಾಗ ಶಾಕ್ ಒಳಗೆ ಹೋಗಿದ್ದೇ ಕಡಿಮೆ. ಕಲ್ಲು ಬಿದ್ದಂತೆ ಬಿದ್ದು, ಇಡೀ ಗಾಡಿ ಚೆಂಡಿನಂತೆ ಪುಟಿಯುತ್ತಿತ್ತು. ಜಿಗಿತ ಅಂದರೆ ದಪ್ಪ ಆಯಿಲ್ ಎಂದು ಎಲ್ಲರೂ ಹೇಳುತ್ತಾರೆ. ಅದು ಒಂದು ಮಟ್ಟದವರೆಗೆ ನಿಜ. ಶಾಕಿನ ಒಳಗೆ ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಆಯಿಲ್ ದಾಟಬೇಕು. ನಿಧಾನ ಒತ್ತಿದರೆ ದಾಟುತ್ತದೆ. ಜೋರಾಗಿ ಬಡಿದಾಗ ದಪ್ಪ ಆಯಿಲ್ ದಾಟಲಾರದೆ ಶಾಕ್ ಲಾಕ್ ಆದಂತಾಗುತ್ತದೆ. ಆಗ ಪೆಟ್ಟು ತಿನ್ನುವುದು ಚಾಸಿ. ಕೆಳಗೆ ಹೋದ ಅಷ್ಟಿಷ್ಟನ್ನೂ ಗಟ್ಟಿ ಸ್ಪ್ರಿಂಗ್ ವಾಪಸ್ ಒದೆಯುತ್ತದೆ.

ಪರೀಕ್ಷೆ ಸುಲಭ. ಗಾಡಿಯನ್ನು ಮೊಣಕಾಲಿನಷ್ಟು ಎತ್ತರಕ್ಕೆ ಹಿಡಿದು ಸಮ ನೆಲಕ್ಕೆ ಕೈಬಿಡಿ. ಚಾಸಿ ನೆಲಕ್ಕೆ ಮೆತ್ತಗೆ ತಾಗಿ, ಎದ್ದು, ಅಲ್ಲೇ ನಿಲ್ಲಬೇಕು. ಚಕ್ರ ನೆಲ ಬಿಟ್ಟು ಪುಟಿದರೆ ಸ್ಪ್ರಿಂಗ್ ಗಟ್ಟಿಯಾಗಿದೆ ಅಥವಾ ಆಯಿಲ್ ಹದ ತಪ್ಪಿದೆ. ಚಾಸಿ ಧಡ್ ಎಂದು ಬಡಿದರೆ ಸ್ಪ್ರಿಂಗ್, ಆಯಿಲ್ ಎರಡೂ ತೆಳು. ನಾನು ಹಳೆಯ ಸ್ಪ್ರಿಂಗ್ ಹಾಕಿ 40 ವೇಟ್‌ಗೆ ಇಳಿದೆ. ಒಂದು ಮಾತು: ಒಂದೊಂದು ಕಂಪನಿಯ ವೇಟ್ ಒಂದೊಂದು ತರ ಇರುತ್ತದೆ. ಬಾಟಲಿ ಮೇಲೆ ಸಿಎಸ್‌ಟಿ (ಸೆಂಟಿಸ್ಟೋಕ್, ಆಯಿಲ್ ಎಷ್ಟು ದಪ್ಪ ಎಂಬ ಅಳತೆ) ಸಂಖ್ಯೆ ಇದ್ದರೆ ಅದನ್ನು ನೋಡಿ ಹೋಲಿಸಿ.

ಆಯಿಲ್ ತುಂಬಿದ ಮೇಲೆ ಪಿಸ್ಟನ್ ನಿಧಾನ ಮೇಲೆ ಕೆಳಗೆ ಆಡಿಸಿ, ಹತ್ತು ನಿಮಿಷ ನಿಲ್ಲಿಸಿ, ಗುಳ್ಳೆ ಹೋಗಲಿ. ಇಲ್ಲದಿದ್ದರೆ ಶಾಕಿನಲ್ಲೂ ಅದೇ ನೊರೆಯ ಕತೆ.

ಗೊರಗೊರ ಎಂದು ಸಾಯುವ ಗಾಡಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ದೊಡ್ಡ ಟೈರ್ ಹಾಕಿದವರಿಗೆ ಇದು ಬರುತ್ತದೆ. ಟೈರ್ ದೊಡ್ಡದಾದರೆ ಗೇರ್ ಉದ್ದವಾದಂತೆ, ಎಂಜಿನ್ ಎಳೆಯಲಾರದೆ ತಿಣುಕುತ್ತದೆ. ಬೈಕಿನಲ್ಲಿ ಘಾಟಿ ಹತ್ತುವಾಗ ಟಾಪ್ ಗೇರಿನಲ್ಲೇ ಬಿಟ್ಟ ಹಾಗೆ. ಕ್ಲಚ್ ಬೆಲ್ಲಿನಲ್ಲಿ (ಎಂಜಿನ್ ಕಡೆಯ ಸಣ್ಣ ಗೇರು) ಒಂದೆರಡು ಹಲ್ಲು ಕಡಿಮೆ ಇರುವುದನ್ನು ಹಾಕಿ. ಹಾಕುವಾಗ ಎರಡು ಗೇರಿನ ನಡುವೆ ನೋಟ್‌ಬುಕ್ ಹಾಳೆಯ ತುಂಡು ಇಟ್ಟು ಒತ್ತಿ ಬಿಗಿದು, ಹಾಳೆ ತೆಗೆಯಿರಿ. ಅಷ್ಟು ಅಂತರ ಸಾಕು.

ಟಕ್ಕನೆ ನಿಲ್ಲುವ ಗಾಡಿ

ಪ್ಲಗ್ ಬಿಚ್ಚಿ ನೋಡಿ. ಒಳಗಿನ ತಂತಿ ಹೊಳೆಯುತ್ತ ದುಂಡಗೆ ಇದ್ದರೆ ಒಳ್ಳೆಯದು. ಬೂದು ಬಣ್ಣಕ್ಕೆ ತಿರುಗಿ ಒರಟಾಗಿದ್ದರೆ ಲೀನ್ ಓಡಿದೆ. ತುಂಡಾಗಿದ್ದರೆ ಹೇಳುವುದೇ ಬೇಡ. 1.5 ವೋಲ್ಟ್ ಇಗ್ನೈಟರ್ ಹಾಕಿದಾಗ ತಂತಿ ಪೂರ್ತಿ ಕಿತ್ತಳೆ ಬಣ್ಣದಲ್ಲಿ ಹೊಳೆಯಬೇಕು.

ಪ್ಲಗ್ ಸರಿ ಇದ್ದರೆ ಸೆಲ್ ಪೆಟ್ಟಿಗೆ ತೆರೆಯಿರಿ. ಜೋರಾದ ಸರ್ವೋ ಹಾಕಿದರೆ ಅದು ಕರೆಂಟ್ ಜಾಸ್ತಿ ಎಳೆಯುತ್ತದೆ. ಅಂಗಡಿಯಲ್ಲಿ ಸಿಗುವ ನಾಲ್ಕು ಮಾಮೂಲಿ ಸೆಲ್ಲಿಗೆ ಅದು ಆಗದು. ಇಳಿದ ಕೂಡಲೇ ಸ್ಟೇರಿಂಗ್ ತಿರುಗಿಸಿದಾಗ ವೋಲ್ಟೇಜ್ ಬಿದ್ದು, ರಿಸೀವರ್ ಒಂದು ಕ್ಷಣ ಕಣ್ಣು ಮುಚ್ಚುತ್ತದೆ. ಫೇಲ್‌ಸೇಫ್ (ಸಂಕೇತ ತಪ್ಪಿದಾಗ ಗಾಡಿ ನಿಲ್ಲಿಸುವ ವ್ಯವಸ್ಥೆ) ಬ್ರೇಕ್ ಒತ್ತುತ್ತದೆ. ಕ್ಲಚ್ ಇನ್ನೂ ಬಿಟ್ಟಿರದಿದ್ದರೆ ಎಂಜಿನ್ನೂ ನಿಲ್ಲುತ್ತದೆ. ಐದು ಸೆಲ್ಲಿನ 6 ವೋಲ್ಟ್ ನಿಕ್ಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಹಾಕಿ, ಆದರೆ ಅದಕ್ಕೂ ಮೊದಲು ರಿಸೀವರ್ ಮತ್ತು ಸರ್ವೋ ಅಷ್ಟು ತಡೆಯುತ್ತವೆಯೇ ನೋಡಿಕೊಳ್ಳಿ. ಕಾರವಾರದವರಿಗೆ ಇನ್ನೊಂದು: ಸೆಲ್ ಕೂರುವ ತಗಡಿನ ಮೇಲೆ ಹಸಿರು ಪಾಚಿಯಂತೆ ಕಿಲುಬು ಹಿಡಿದಿರುತ್ತದೆ. ಉಪ್ಪು ಗಾಳಿಯ ಕೆಲಸ. ಸಣ್ಣ ಮರಳು ಕಾಗದದಲ್ಲಿ ಉಜ್ಜಿ.

ಸತ್ತ ಮೇಲೆ ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ, ತಣ್ಣಗಾದ ಮೇಲೆ ಆಗುತ್ತದೆ ಎಂದರೆ ವಿಷಯ ಬೇರೆ. ಎಂಜಿನ್ ತಲೆಗೆ ಒದ್ದೆ ಬಟ್ಟೆ ಇಟ್ಟು ತಣಿಸಿ ನೋಡಿ. ಆಗ ಸ್ಟಾರ್ಟ್ ಆದರೆ ಪಿಸ್ಟನ್ ಮತ್ತು ಸ್ಲೀವ್ ಸವೆದಿವೆ. ನಮ್ಮ ಕೆಂಪು ಮಣ್ಣಿನ ಧೂಳು ಹಿಟ್ಟಿನಷ್ಟು ಸಣ್ಣ. ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಾಕದೆ ಓಡಿಸಿದರೆ ಒಂದು ಸೀಸನ್ನಿನಲ್ಲೇ ಎಂಜಿನ್ ಮುಗಿಯುತ್ತದೆ. ಫಿಲ್ಟರ್ ತೆಗೆದು ಕಾರ್ಬೋರೇಟರ್ ಬಾಯೊಳಗೆ ಬಿಳಿ ಬಟ್ಟೆ ತಿರುಗಿಸಿ. ಬಟ್ಟೆ ಕೆಂಪಾದರೆ ಫಿಲ್ಟರ್ ಸೋರುತ್ತಿದೆ.

ಘಟ್ಟ ಹತ್ತಿ ಇಳಿಯುವವರಿಗೆ

ಶಿರಸಿ ಸಮುದ್ರ ಮಟ್ಟದಿಂದ ಹೆಚ್ಚು ಕಡಿಮೆ 600 ಮೀಟರ್ ಎತ್ತರ. ಅಲ್ಲಿ ಗಾಳಿ ಸ್ವಲ್ಪ ತೆಳು. ಅಲ್ಲಿಗೆ ಸರಿ ಮಾಡಿದ ನೀಡಲನ್ನು ದೇವಿಮನೆ ಘಟ್ಟ ಇಳಿಸಿ ಕಾರವಾರದ ಕಡಲ ತೀರಕ್ಕೆ ತಂದರೆ ಗಾಡಿ ಲೀನ್ ಆಗುತ್ತದೆ. ಕೆಳಗೆ ಗಾಳಿ ದಪ್ಪ, ಇಂಧನ ಜಾಸ್ತಿ ಬೇಕು. ಹಾಗಾಗಿ ಕೆಳಗೆ ಬಂದ ಮೇಲೆ ನೀಡಲನ್ನು ಒಂದು ಗಂಟೆಯಷ್ಟು (ಸುತ್ತಿನ 1/12) ತೆರೆದು ಶುರು ಮಾಡಿ. ಸೆಕೆಗಾಲದ ಮಧ್ಯಾಹ್ನ ಕಾರವಾರದ ಬಿಸಿಯೂ ತೇವವೂ ಗಾಳಿಯನ್ನು ತೆಳು ಮಾಡುತ್ತವೆ, ಆಗ ವ್ಯತ್ಯಾಸ ಅಷ್ಟಾಗಿ ಕಾಣದು. ಹೊಗೆ ನೋಡಿ, ಹನಿ ನೀರು ಬಿಟ್ಟು ನೋಡಿ, ಆಮೇಲೆ ತಿರುಗಿಸಿ.

ಕಡಲ ಮರಳಿನಲ್ಲಿ ಜಿಗಿತ ಚೆನ್ನಾಗಿರುತ್ತದೆ, ಇಳಿಯುವುದು ಮೆತ್ತಗೆ. ಆದರೆ ನನಗೆ ಅಲ್ಲಿ ಓಡಿಸಲು ಮನಸ್ಸಿಲ್ಲ. ಉಪ್ಪು ಮರಳು ಬೇರಿಂಗ್ ತಿನ್ನುತ್ತದೆ, ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುವ ತೀರವೂ ಹೌದು. ಓಡಿಸಿದರೆ ಅವತ್ತೇ ಬಿಚ್ಚಿ ಒರೆಸಿ. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಒಳಗೆ ಆಫ್ಟರ್ ರನ್ ಆಯಿಲ್ (ಓಡಿಸಿದ ಮೇಲೆ ತುಕ್ಕು ಹಿಡಿಯದಂತೆ ಹಾಕುವ ಎಣ್ಣೆ) ನಾಲ್ಕು ಹನಿ ಬಿಟ್ಟು ಎಳೆದು ತಿರುಗಿಸಿ. ಮೆಥನಾಲ್ ಗಾಳಿಯ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿಯ ಇಂಧನ ದೀಪಾವಳಿಗೆ ಕೆಲಸಕ್ಕೆ ಬಾರದು. ಅದನ್ನು ಹಾಕಿಕೊಂಡು ದೋಷ ಹುಡುಕಬೇಡಿ. ಮೆಥನಾಲ್ ಬೆಂಕಿ ಹಗಲಲ್ಲಿ ಕಾಣುವುದೂ ಇಲ್ಲ. ಇಂಧನ ತುಂಬುವಾಗ ಬೀಡಿ, ಸಿಗರೇಟು ದೂರ.

ಓಡಿಸುವವನ ದೋಷ

ಗಾಳಿಯಲ್ಲಿದ್ದಾಗ ಥ್ರಾಟಲ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಹಿಡಿದರೆ ಕೆಳಗೆ ಬಾಗುತ್ತದೆ. ಇದನ್ನು ಕಲಿತ ಖುಷಿಯಲ್ಲಿ ಪೂರ್ತಿ ಥ್ರಾಟಲ್ ಹಿಡಿದೇ ಇಳಿಸುತ್ತೇವೆ. ಭಾರವಿಲ್ಲದೆ ಎಂಜಿನ್ ಮಿತಿಮೀರಿ ಏರುತ್ತದೆ. ಚಕ್ರ ಹುಚ್ಚೆದ್ದು ತಿರುಗುತ್ತಿರುವಾಗಲೇ ನೆಲ ಸಿಗುತ್ತದೆ. ಆ ಪೆಟ್ಟು ಎಲ್ಲಿ ಬಲ ಕಡಿಮೆಯೋ ಅಲ್ಲಿ ಮುರಿಯುತ್ತದೆ. ನನ್ನ ಹಳೆಯ ಡಿಫರೆನ್ಷಿಯಲ್ ಗೇರು ಹೋಗಿದ್ದು ಹೀಗೆ. ಸ್ಟೀಲ್ ಗೇರು ಹಾಕಿದೆ. ಈಗ ಪಕ್ಕದ, ಚಕ್ರ ತಿರುಗಿಸುವ ಡಾಗ್‌ಬೋನ್ ಶಾಫ್ಟ್ ಬಾಗಿದೆ. ಅಲ್ಯೂಮಿನಿಯಂ ಆರ್ಮ್‌ಗಳದ್ದೂ ಅದೇ ಕತೆ. ಪ್ಲಾಸ್ಟಿಕ್ ಆರ್ಮ್ ಬಗ್ಗಿ ವಾಪಸ್ ಬರುತ್ತಿತ್ತು, ಇದು ಬಗ್ಗಿದ್ದು ಬಗ್ಗಿದಂತೇ ನಿಂತಿತು. ಹಿಂದಿನ ಎರಡನ್ನು ತೆಗೆದು ಪ್ಲಾಸ್ಟಿಕ್ ಹಾಕಿದ್ದೇನೆ, ಮುಂದಿನ ಎರಡು ದುಡ್ಡು ಕೊಟ್ಟ ಸಂಕಟಕ್ಕೆ ಹಾಗೇ ಇವೆ.

ಗಾಳಿಯಲ್ಲಿ ಥ್ರಾಟಲ್ ಬಿಡಿ. ನೆಲ ಹತ್ತಿರ ಬಂದಾಗ ಗಾಡಿಯ ವೇಗಕ್ಕೆ ಹೊಂದುವಷ್ಟು ಮಾತ್ರ ಕೊಡಿ.

ಕಳೆದ ವಾರ ಒಂದು ಟ್ಯಾಂಕ್ ಪೂರ್ತಿ, ಕೊನೆಯ ಹನಿವರೆಗೆ ಹಾರಿಸಿದೆವು. ಒಮ್ಮೆಯೂ ಬಂದ್ ಬೀಳಲಿಲ್ಲ. ಈಗ ಹಿಂದಿನ ಎಡ ಚಕ್ರ ಅಲ್ಲಾಡುತ್ತಿದೆ. ನಟ್ ಬಿಗಿಯಾಗಿಯೇ ಇದೆ. ಒಳಗಿನ ಪ್ಲಾಸ್ಟಿಕ್ ಹೆಕ್ಸ್ (ಚಕ್ರ ಕೂರುವ ಆರು ಮೂಲೆಯ ತುಂಡು) ಸವೆದಿರಬೇಕು ಎಂದು ನನ್ನ ಅನುಮಾನ, ಬೇರಿಂಗ್ ಎಂದು ಅಳಿಯನ ವಾದ. ಬರುವ ಭಾನುವಾರ ಬಿಚ್ಚುತ್ತೇವೆ.